ನಕ್ಷತ್ರ ಮನೆಯಲ್ಲೇ ಕಟ್ಟಿ

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಮಂಗಳೂರಿನ ಅಂಗಡಿಗಳಲ್ಲಿ ಕ್ರಿಸ್‌ಮಸ್‌ನ ಪ್ಲಾಸ್ಟಿಕ್ ನಕ್ಷತ್ರಗಳದ್ದೇ ಕಾರುಬಾರು. ಬಿದಿರಿನದ್ದು ಕಟ್ಟುವುದೇನೂ ಬ್ರಹ್ಮವಿದ್ಯೆಯಲ್ಲ.

2 ಅಡಿಯ 10 ಬಿದಿರು ಕಡ್ಡಿ ಸಾಕು. ಐದೈದರಲ್ಲಿ ಒಂದೊಂದು ನಕ್ಷತ್ರ ಹೆಣೆದು, ಎರಡನ್ನೂ ಜೋಡಿಸಿ ತುದಿಗಳನ್ನು ಮಾತ್ರ ಬಿಗಿಯಿರಿ. ಒಳಗಿನ ಐದು ಮೂಲೆಗಳಿಗೆ 5 ಇಂಚಿನ ಅಡ್ಡಕಡ್ಡಿ ಕೊಟ್ಟರೆ ನಡು ಉಬ್ಬಿ ನಿಲ್ಲುತ್ತದೆ. ಹಸಿ ಬಿದಿರು ಬೇಡ. ಒಣಗುತ್ತಾ ಕುಗ್ಗಿ ಕಟ್ಟು ಸಡಿಲವಾಗುತ್ತದೆ, ನಕ್ಷತ್ರ ಸೊಟ್ಟಗಾಗುತ್ತದೆ. ಬಣ್ಣದ ಕಾಗದ ಹೊದಿಸಲು ಮೈದಾ ಅಂಟನ್ನು ಕಡ್ಡಿಗಷ್ಟೇ ತೆಳ್ಳಗೆ ಸವರಿ. ಕಾಗದಕ್ಕೆ ಬಳಿದಿರೋ, ಬಣ್ಣ ಬಿಟ್ಟು ಹರಿಯುತ್ತದೆ. ಹಿಂಬದಿಯ ಒಂದು ತ್ರಿಕೋನ ತೆರೆದಿಡಿ, ಬಲ್ಬು ಎಲ್‌ಇಡಿಯೇ ಇರಲಿ. ಮಾಡಿನ ಅಂಚಿಗಿಂತ ಒಳಗೆ ತೂಗುಹಾಕಿ. ಇಬ್ಬನಿ ಬಿದ್ದರೆ ಮರುದಿನವೇ ಕಾಗದ ಜೋಲುತ್ತದೆ.

ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹಸಿರಿಗೆ ರಾಗಿ ಚೆನ್ನ. ರಾತ್ರಿ ನೆನೆಸಿ, ಹಬ್ಬಕ್ಕೆ ಹತ್ತು ದಿನ ಮೊದಲು ತಟ್ಟೆಯ ಮಣ್ಣಿಗೆ ಉದುರಿಸಿ, ನೀರು ಚಿಮುಕಿಸಿ. ನೀರು ನಿಂತರೆ ಕೊಳೆಯುತ್ತದೆ. ಕತ್ತಲಲ್ಲಿಟ್ಟರೆ ಹಳದಿಯಾಗಿ ಬೀಳುತ್ತದೆ.

ಚರ್ಚ್‌ಗಳ ನಕ್ಷತ್ರ ಸ್ಪರ್ಧೆಗಳಲ್ಲಿ ಕೈಯಾರೆ ಕಟ್ಟಿದ್ದಕ್ಕೇ ಬಹುಮಾನ ಮೀಸಲಿಡಲಿ.

– ಓದುಗರು, ಮಂಗಳೂರು