ಅಪ್ಪನ ಕುರ್ಚಿ, ಅಕ್ಕಿ ಲೆಕ್ಕ

ಪುಟ್ಟಾ, ದೊಡ್ಡಪ್ಪನ ಆಶೀರ್ವಾದ.

ಮಿಲ್ಲು ನಿನ್ ಕೈಗೆ ಬಂದು ಎರಡು ತಿಂಗಳಾಗಿಲ್ಲ, ಹಮಾಲರ ಬೋನಸ್ ಕಟ್ ಅಂದಿದೀಯಂತೆ, ಅದೇ ವಾರ ಆಫೀಸ್ ರೂಮಿಗೆ ಎಸಿ ಕೊಟೇಶನ್ನೂ ತರಿಸಿದೀಯಂತೆ. ಬೈಯೋಕೆ ಬರೀತಿಲ್ಲ ಮಗಾ, ಜಪಾನಿನ ಯೊನೆಝಾವಾ ಸಂಸ್ಥಾನದ ಉಎಸುಗಿ ದೊರೆಗಳ ಬಗ್ಗೆ ಓದ್ತಿದ್ದೆ, ನೀನೇ ನೆನಪಾದೆ.

ಅಲ್ಲಿ ದೊರೆಯ ದೊಡ್ಡಸ್ತಿಕೆ ಅಳೀತಿದ್ದಿದ್ದು ಅಕ್ಕಿ ಲೆಕ್ಕದಲ್ಲಿ. ಒಂದು ಕೊಕು ಅಂದ್ರೆ ಸುಮಾರು 150 ಕೆಜಿ, ಒಬ್ಬಾಳು ವರ್ಷ ಉಣ್ಣೋಷ್ಟು. ಈ ಮನೆತನಕ್ಕೆ ಮೊದ್ಲು 12 ಲಕ್ಷ ಕೊಕು ಇತ್ತು, 1600ರ ಯುದ್ಧದಲ್ಲಿ ಸೋತೋರ ಕಡೆ ನಿಂತು 3 ಲಕ್ಷಕ್ಕೆ ಇಳೀತು, 1664ರಲ್ಲಿ ದೊರೆ ವಾರಸುದಾರನ್ನ ಹೇಳದೇನೆ ತಟ್ಟಂತ ಸತ್ತ, ತಂಗಿ ಮಗನ್ನ ದತ್ತು ತಗೊಂಡು ಮನೆ ಉಳೀತು ಆದ್ರೆ ಅಕ್ಕಿ ಒಂದೂವರೆ ಲಕ್ಷಕ್ಕೆ ಬಂತು. ದೊರೆ ಕೊಡೋ ಅಕ್ಕಿ ಸಂಬಳದ ಮೇಲೇ ಬದುಕೋ ಸಾವಿರಾರು ಸಮುರಾಯಿ, ಅಂದ್ರೆ ಯೋಧರ ಸಂಸಾರಗಳು ಮಾತ್ರ ಹಂಗೇ ಇದ್ವು, ಪಂಕ್ತಿ ದೊಡ್ದು ಹಂಡೆ ಚಿಕ್ದು, ಸಾಲ ಆಗ್ದೆ ಇನ್ನೇನು. ಸಂಸ್ಥಾನಾನೇ ಇಡೀ ಜಪಾನ್ ಆಳ್ತಿದ್ದ ಶೋಗುನ್‌ಗೆ ವಾಪಸ್ ಕೊಟ್ಬಿಡೋಣ ಅನ್ನೋ ಮಟ್ಟಕ್ಕೆ ಬಂದಿತ್ತು.

1767ರಲ್ಲಿ ಬಂದೋನು ಹರುನೊರಿ, ಇವನೂ ದತ್ತು ಮಗನೇ, ಇನ್ನೂ ಮೀಸೆ ಮೂಡದ ಹುಡುಗ. ಮೊದ್ಲು ಕತ್ತರಿ ಹಾಕಿದ್ದು ಸ್ವಂತ ಖರ್ಚಿಗೆ, ವರ್ಷಕ್ಕೆ 1500 ರ್ಯೋ (ಆಗಿನ ಚಿನ್ನದ ನಾಣ್ಯ) ಇದ್ದಿದ್ದು 209ಕ್ಕೆ. ದಾಸಿಯರು 50 ಇದ್ದೋರು 9. ಊಟಕ್ಕೆ ಒಂದು ಸಾರು ಒಂದು ಪಲ್ಯ, ಉಡೋಕೆ ಹತ್ತಿಬಟ್ಟೆ. ಆಮೇಲೆ ಸಮುರಾಯಿ ಮನೆ ಹೆಂಗಸರಿಗೆ ನೇಯ್ಗೆ ಕಲಿಸಿದ, ಬೇಲಿಗೂ ಎಲೆ ತಿನ್ನೋಕೆ ಬರೋ ಉಕೊಗಿ ಗಿಡ ಹಾಕ್ಸಿದ.

ಹಳಬರು ಸುಮ್ನಿರ್ತಾರಾ? 1773ರಲ್ಲಿ ಏಳು ಜನ ಹಿರಿಯ ಅಧಿಕಾರಿಗಳು ದೂರಿನ ಪಟ್ಟಿ ಹಿಡ್ಕೊಂಡು ಬಂದ್ರು, ಹರುನೊರಿನ ಎದ್ದು ಹೋಗೋಕೆ ಬಿಡ್ದೆ ಬಟ್ಟೆ ಹಿಡಿದು ಕೂರಿಸಿದ್ರಂತೆ. ಅವರಲ್ಲಿ ಇಬ್ಬರಿಗೆ ಹೊಟ್ಟೆ ಸೀಳ್ಕೊಂಡು ಸಾಯೋ ಶಿಕ್ಷೆ ಕೊಟ್ಟ. ಅದು ನಂಗೆ ಇವತ್ತಿಗೂ ಗಂಟಲಲ್ಲಿ ಇಳಿಯಲ್ಲ, ಅವನನ್ನ ದೇವರು ಮಾಡೋರು ಈ ಭಾಗ ಬೇಗ ದಾಟಿಬಿಡ್ತಾರೆ.

ಆದ್ರೆ 1785ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಲ್ಲೇ, ಗಾದಿ ಬಿಟ್ಕೊಟ್ಟು ಮುಂದಿನೋನಿಗೆ ಮೂರೇ ಮಾತು ಬರೆದುಕೊಟ್ಟ. ಸಂಸ್ಥಾನ ಹಿರಿಯರಿಂದ ಬಂದು ಮಕ್ಕಳಿಗೆ ಹೋಗೋದು, ನಿನ್ನ ಸ್ವಂತದ್ದಲ್ಲ. ಜನ ಸಂಸ್ಥಾನದೋರು, ನಿನ್ನೋರಲ್ಲ. ದೊರೆ ಇರೋದು ಜನಕ್ಕಾಗಿ, ಜನ ಇರೋದು ದೊರೆಗಾಗಿ ಅಲ್ಲ. ಸಾಲ ಪೂರ್ತಿ ತೀರೋ ಹೊತ್ತಿಗೆ ಅವನೇ ಇರಲಿಲ್ಲ, 1822ರಲ್ಲಿ ಹೋದ.

ನಿಮ್ಮಪ್ಪನ ಟೇಬಲ್ ಫ್ಯಾನ್ ಚೆನ್ನಾಗೇ ತಿರುಗುತ್ತಲ್ಲ ಇನ್ನೂ? ಭಾನುವಾರ ಬರ್ತೀನಿ, ಹಮಾಲರ ಲೆಕ್ಕದ ಬುಕ್ಕೂ ನಿನ್ನ ಕಾರಿನ ಇಎಂಐ ಚೀಟಿನೂ ಎರಡನ್ನೂ ಒಟ್ಟಿಗೆ ತೆಗೆದಿಟ್ಟಿರು.

ನಿನ್ನ ದೊಡ್ಡಪ್ಪ