ಹತ್ತನೇ ತರಗತಿ ಇತಿಹಾಸ ಪುನರಾವರ್ತನೆ: ಸೋಮವಾರದಿಂದ

ಎಲ್ಲ ಸಮಾಜ ವಿಜ್ಞಾನ ಶಿಕ್ಷಕ ಮಿತ್ರರಿಗೆ ನಮಸ್ಕಾರ.

ಸೋಮವಾರದಿಂದ ‘ಬ್ರಿಟಿಷ್ ಆಳ್ವಿಕೆಯ ವಿಸ್ತರಣೆ’ ಪುನರಾವರ್ತನೆ. ಎರಡು ಪೀರಿಯಡ್ ಸಾಕು.

ಐದು ಮಕ್ಕಳ ಗುಂಪಿಗೆ 12 ರಟ್ಟಿನ ಚೀಟಿ ಕೊಡಿ: ಆರರಲ್ಲಿ ಘಟನೆ, ಆರರಲ್ಲಿ ಕಾರಣ. ಇಸವಿ ಬರೆಯಬೇಡಿ, ಬರೆದರೆ ಅಂಕಿ ನೋಡಿ ಜೋಡಿಸಿಬಿಡುತ್ತಾರೆ. ಮೊದಲು ಘಟನೆಗಳನ್ನು ಕ್ರಮವಾಗಿ ಇಟ್ಟು, ಕಾರಣ ಹೊಂದಿಸಿ, ಕೊನೆಗೆ ಇಸವಿ ಹೇಳಲಿ.

ಎಡವುವುದು ಇಲ್ಲಿ. ಸಹಾಯಕ ಸೈನ್ಯ ಪದ್ಧತಿ (ರಾಜರು ತಮ್ಮ ಖರ್ಚಿನಲ್ಲಿ ಬ್ರಿಟಿಷ್ ಸೈನ್ಯ ಇಟ್ಟುಕೊಳ್ಳುವ ಒಪ್ಪಂದ) ಗವರ್ನರ್ ಜನರಲ್ ವೆಲ್ಲೆಸ್ಲಿಯದು (1798), ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ ಮುಂದೆ ಅದೇ ಹುದ್ದೆಗೆ ಬಂದ ಡಾಲ್‌ಹೌಸಿಯದು (1848ರಲ್ಲಿ ಸತಾರ ರಾಜ್ಯ ಹೋದದ್ದು ಇದರಿಂದಲೇ). ರಾಜ್ಯ ಹೋಯಿತೆಂದರೆ ಸಾಕು, ಮಕ್ಕಳು ಡಾಲ್‌ಹೌಸಿ ಎಂದು ಬರೆಯುತ್ತಾರೆ. ನಮ್ಮ ಕೊಡಗನ್ನೂ ಅದೇ ಪಟ್ಟಿಗೆ ಸೇರಿಸುತ್ತಾರೆ! ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿದ್ದು 1834ರಲ್ಲಿ, ಆಗ ಗವರ್ನರ್ ಜನರಲ್ ಬೆಂಟಿಂಕ್. ಕೊಟ್ಟ ಕಾರಣ ದುರಾಡಳಿತ. 1856ರಲ್ಲಿ ಅವಧ್ ರಾಜ್ಯ ಕಿತ್ತುಕೊಂಡಾಗಲೂ ಇದೇ ನೆಪ. ಇವೆರಡನ್ನೂ ಒಟ್ಟಿಗೆ ಹೇಳಿದರೆ ನೆನಪಿರುತ್ತದೆ.

ಬ್ರಿಟಿಷರ ವಿರುದ್ಧ ನಡೆದ 1837ರ ಅಮರಸುಳ್ಯ ದಂಗೆಗೆ ಹತ್ತು ನಿಮಿಷ ಮೀಸಲಿಡಿ. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದು ಮಡಿಕೇರಿ ಕೋಟೆಯಲ್ಲೇ. ಕೋಟೆ ನೋಡಿದ ಮಕ್ಕಳಿಗೆ ಬೇಗ ಹತ್ತುತ್ತದೆ.

ಚೀಟಿಗಳ ಪಿಡಿಎಫ್ ಇಂದು ಸಂಜೆ ಹಾಕುತ್ತೇನೆ. ತೋಟದ ಕಡೆ ನೆಟ್‌ವರ್ಕ್ ಇಲ್ಲದವರು ಪೇಟೆಯಲ್ಲಿರುವಾಗಲೇ ಇಳಿಸಿಕೊಳ್ಳಿ. ನಿಮಗೆ ಎಷ್ಟು ಗುಂಪಾಗುತ್ತದೆ ಎಂದು ಶನಿವಾರದೊಳಗೆ ತಿಳಿಸಿ. ‘ಓಕೆ ಸರ್’ ಬೇಡ, ಸಂಖ್ಯೆ ಮಾತ್ರ ಸಾಕು.