ಮಗಳಿಗೊಂದು ಪತ್ರ: ಅಸಲಿ ಯಾರು, ನಕಲಿ ಯಾರು ಎಂಬ ಪಂಚಾಯ್ತಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳೋಣವೆಂದರೆ ಮಧ್ಯೆ ಬಾಯಿ ಹಾಕುತ್ತೀಯ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆಟ್ಟು ತೋರಿಸಿ ಮುಗಿಸುತ್ತೀಯ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಪೂರ್ತಿ ಓದು, ಆಮೇಲೆ ಜಗಳಕ್ಕೆ ಬಾ.

ನೀನು ಕಳಿಸಿದ್ದ ಆ ಹುಡುಗಿಯ ರ್‍ಯಾಪ್ ಕೇಳಿದೆ. ಚೆನ್ನಾಗಿದೆ ಕಣೇ. ಮೊದಲು ಬರೀ ಕೀಬೋರ್ಡಿನ ಗುಂಯ್ ಶಬ್ದ, ಆಮೇಲೆ ತಡೆಯಿಲ್ಲದ ಹಾಗೆ ಕನ್ನಡ. ಮೊನ್ನೆಯವರೆಗೆ ಅವಳನ್ನು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದವಳು ಈಗ "ಫೇಕ್ ಅಮ್ಮಾ ಅವಳು, ಓದಿದ್ದು ಇಂಟರ್‌ನ್ಯಾಷನಲ್ ಸ್ಕೂಲಲ್ಲಿ, ಹಾಡೋದು ಗಲ್ಲಿ ಕಥೆ" ಅನ್ನುತ್ತೀಯ. ನಿನ್ನ ರೂಮಿನವರಲ್ಲೇ ಎರಡು ಪಕ್ಷ ಆಗಿದೆಯಂತೆ. ನನಗೆ ನಗು ಬಂತು. ಇದೇ ಪಂಚಾಯ್ತಿಯನ್ನು ನಾನು ಇಪ್ಪತ್ತು ವರ್ಷದ ಹಿಂದೆ ಲಂಡನ್ನಿನಲ್ಲಿ ಕೇಳಿದ್ದೆ, ಬೇರೊಬ್ಬ ಹುಡುಗಿಯ ಮೇಲೆ.

2005. ನಿಮ್ಮಪ್ಪನ ಪ್ರಾಜೆಕ್ಟು ಲಂಡನ್ನಿನಲ್ಲಿ ನಡೆಯುತ್ತಿತ್ತು, ನಾವಿದ್ದದ್ದು ಟೂಟಿಂಗ್‌ನಲ್ಲಿ. ಕರಿಬೇವು, ನುಗ್ಗೆಕಾಯಿ ಬೇಕೆಂದರೆ ಶ್ರೀಲಂಕಾ ತಮಿಳರ ಅಂಗಡಿಗಳೇ ಗತಿ. ನಾನು ಹೋಗುತ್ತಿದ್ದ ಅಂಗಡಿಯಲ್ಲಿ ಯಜಮಾನಿಯ ಮಗ ಗಲ್ಲಾದ ಹಿಂದೆ ಕೂತು ಒಂದೇ ಸಿಡಿ ಹಾಕುತ್ತಿದ್ದ. ಹಾಡಿನ ಹೆಸರು 'ಗಲಾಂಗ್'. ರಾಗವೆಂದು ಹಿಡಿದುಕೊಳ್ಳಲು ಅದರಲ್ಲಿ ನನಗೇನೂ ಸಿಗಲಿಲ್ಲ. ಎಲೆಕ್ಟ್ರಾನಿಕ್ ಗರಗರ, ಎದೆಗೆ ಗುದ್ದುವ ಬಾಸು, ಅದರ ಮೇಲೆ ಒಬ್ಬಳು ಬೀದಿ ನಲ್ಲಿಯ ಹತ್ತಿರ ಕೊಡ ಊರಿ ಜಗಳಕ್ಕೆ ನಿಂತವಳ ಹಾಗೆ ಮಾತಾಡುತ್ತಾಳೆ. ಕೊನೆಗೆ ಮಾತೆಲ್ಲ ನಿಂತು ಬರೀ ಕೂಗು. ಆ ಕೂಗು ಬಂದಾಗ ಕೈಯಲ್ಲಿದ್ದ ಹುಣಸೆಹಣ್ಣಿನ ಪೊಟ್ಟಣ ಹಾಗೇ ಹಿಡಿದು ನಿಂತಿದ್ದೆ. ಯಾರಿವಳು ಎಂದು ಕೇಳಿದರೆ "ನಮ್ಮವಳೇ, ಇಲ್ಲೇ ಪಕ್ಕದ ಮಿಚಮ್‌ನವಳು" ಎಂದ.

ಅವಳು ಎಂ.ಐ.ಎ. ಮಾತಂಗಿ ಅರುಳ್‌ಪ್ರಗಾಸಮ್, ಎಲ್ಲರ ಬಾಯಲ್ಲಿ ಮಾಯಾ. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಆರು ತಿಂಗಳ ಕೂಸಾಗಿದ್ದಾಗ ಶ್ರೀಲಂಕಾದ ಜಾಫ್ನಾಕ್ಕೆ ಹೋದವಳು. ಅಪ್ಪ ಅಲ್ಲಿನ ತಮಿಳು ಹೋರಾಟದಲ್ಲಿದ್ದ, ಅಪರೂಪಕ್ಕೆ ಮನೆಗೆ ಬಂದರೂ ಮಕ್ಕಳಿಗೆ ಅವನನ್ನು ಮಾವನೆಂದೋ ಚಿಕ್ಕಪ್ಪನೆಂದೋ ಪರಿಚಯ ಮಾಡಿಸುತ್ತಿದ್ದರಂತೆ. 1986ರ ಹೊತ್ತಿಗೆ ತಾಯಿ ಕಲಾ ಮಕ್ಕಳನ್ನು ಕಟ್ಟಿಕೊಂಡು ನಿರಾಶ್ರಿತರಾಗಿ ವಾಪಸು ಲಂಡನ್ನಿಗೆ ಬಂದು, ಸರ್ಕಾರಿ ಫ್ಲ್ಯಾಟಿನಲ್ಲಿ ಇದ್ದುಕೊಂಡು ಬಟ್ಟೆ ಹೊಲಿದು ಸಾಕಿದಳು. ಮಗಳು ಸೆಂಟ್ರಲ್ ಸೇಂಟ್ ಮಾರ್ಟಿನ್ಸ್ ಎಂಬ ದೊಡ್ಡ ಕಲಾಶಾಲೆಯಲ್ಲಿ ಸಿನಿಮಾ ಓದಿದಳು, ಎಲಾಸ್ಟಿಕಾ ಎಂಬ ತಂಡಕ್ಕೆ ಆಲ್ಬಂ ಮುಖಪುಟ ಮಾಡಿಕೊಟ್ಟಳು, ಅವರ ಪ್ರವಾಸದ ವೀಡಿಯೋ ತೆಗೆಯಲು ಹೋದಳು. ಅಲ್ಲಿ ಪೀಚಸ್ ಎಂಬ ಇನ್ನೊಬ್ಬ ಗಾಯಕಿ ಅವಳಿಗೆ ರೋಲ್ಯಾಂಡ್ ಕಂಪನಿಯ ಎಂಸಿ-505 ಯಂತ್ರ ತೋರಿಸಿದಳು. ಗುಂಡಿ, ತಿರುಪುಗಳಿರುವ ಪೆಟ್ಟಿಗೆ ಅದು. ಡ್ರಮ್ಮು, ಬಾಸು ಎಲ್ಲ ಅದರೊಳಗೇ ಇರುತ್ತದೆ, ಒತ್ತಿ ಜೋಡಿಸಿಕೊಂಡು ಹೋಗಬೇಕು. ಸಂಗೀತ ಕಲಿಯದವಳು ಅದರಲ್ಲಿ ಡೆಮೊ ಮಾಡಿದಳು. 'ಗಲಾಂಗ್' 2003ರಲ್ಲಿ ಮೊದಲು ಬಂದಾಗ ಒತ್ತಿಸಿದ್ದು 500 ಪ್ರತಿ. ಕ್ಲಬ್ಬುಗಳಲ್ಲಿ, ಇಂಟರ್‌ನೆಟ್ಟಿನಲ್ಲಿ ಹಬ್ಬಿದ ಮೇಲೆ ಎಕ್ಸ್‌ಎಲ್ ಎಂಬ ರೆಕಾರ್ಡ್ ಕಂಪನಿ ಅವಳನ್ನು ಕರೆಯಿತು. 2005ರಲ್ಲಿ 'ಅರುಲರ್' ಆಲ್ಬಂ ಬಂತು. ಹೋರಾಟದಲ್ಲಿ ಅಪ್ಪ ಇಟ್ಟುಕೊಂಡಿದ್ದ ಹೆಸರು ಅದು. ಅಪ್ಪ ತನ್ನ ಹೆಸರು ಹುಡುಕಿದಾಗಲಾದರೂ ಮಗಳು ಕಣ್ಣಿಗೆ ಬೀಳಲಿ ಎಂದು ಇಟ್ಟಿದ್ದಂತೆ. ಅವನು ಈಮೇಲ್ ಮಾಡಿದ್ದು ಹೆಸರು ಬದಲಾಯಿಸು ಎಂದು. ಇವಳು ಬದಲಾಯಿಸಲಿಲ್ಲ.

ಈಗ ಜಗಳಕ್ಕೆ ಬರೋಣ. ಪತ್ರಿಕೆಯವರಿಗೆ ಗೆರಿಲ್ಲಾನ ಮಗಳು ಸಿಕ್ಕಿದ್ದೇ ಹಬ್ಬವಾಯಿತು. ಅಪ್ಪ ಇದ್ದದ್ದು ಈರೋಸ್ ಎಂಬ ಸಂಘಟನೆಯಲ್ಲಿ, ಎಲ್‌ಟಿಟಿಇ ಎಂಬ ತಮಿಳು ಹುಲಿಗಳ ಪಡೆಯಲ್ಲಿ ಅಲ್ಲ. ಆದರೂ ಎಷ್ಟೋ ಕಡೆ ಹುಲಿಯ ಮಗಳು ಎಂದೇ ಬರೆದರು. ಕತೆ ಎಷ್ಟು ಖಾರವಿದ್ದರೆ ಅಷ್ಟು ಅಸಲಿ ಎಂಬ ಲೆಕ್ಕ. ಇನ್ನೊಂದು ಕಡೆಯವರು, ಕಲಾಶಾಲೆಯಲ್ಲಿ ಓದಿದವಳಿಗೆ ಬೀದಿಯ ಸಂಗೀತದ ಮೇಲೆ ಏನು ಹಕ್ಕು ಎಂದು ಶುರು ಮಾಡಿದರು. ಸೈಮನ್ ರೆನಾಲ್ಡ್ಸ್ ಎಂಬ ಹೆಸರಾಂತ ವಿಮರ್ಶಕ ನ್ಯೂಯಾರ್ಕಿನ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ, ಅವಳ ಕಂದು ಚರ್ಮ ನೋಡಿ ಮೋಸ ಹೋಗಬೇಡಿ, ಬ್ರೆಜಿಲ್ಲಿನ ಕೊಳೆಗೇರಿ ಸಂಗೀತಕ್ಕೂ ಇವಳಿಗೂ ಇರುವ ನಂಟು ರಾಜಕುಮಾರ ಹ್ಯಾರಿಗೆ ಇರುವಷ್ಟೇ ಎಂಬ ಅರ್ಥ ಬರುವಂತೆ ಬರೆದ. ನಿರಾಶ್ರಿತಳಾಗಿ ಬಂದವಳನ್ನು ಅರಮನೆ ಹುಡುಗನ ಪಕ್ಕಕ್ಕೆ ನಿಲ್ಲಿಸಲು ಧೈರ್ಯ ಬೇಕು ಬಿಡು.

ಆದರೆ ಅವನ ಮಾತಿನಲ್ಲಿ ಒಂದು ಎಳೆ ನಿಜ ಇತ್ತು, ಅದನ್ನು ಮುಚ್ಚಿಡುವುದಿಲ್ಲ. 'ಬಕಿ ಡನ್ ಗನ್' ಎಂಬ ಹಾಡಿನ ತುತ್ತೂರಿ ಇದೆಯಲ್ಲ, ಅದು ರಿಯೋದ ಸಿಟಿ ಆಫ್ ಗಾಡ್ ಬಡಾವಣೆಯ ಡೇಜಿ ಟಿಗ್ರೋನ ಎಂಬ ಹೆಂಗಸಿನ ಹಾಡಿನಿಂದ ಬಂದದ್ದು. ಅವಳ ಹಾಡಿಗೆ ಆ ತುತ್ತೂರಿ ಬಂದದ್ದು 'ರಾಕಿ' ಸಿನಿಮಾದಿಂದ. ಹಾಲಿವುಡ್ಡಿನಿಂದ ರಿಯೋಗೆ, ರಿಯೋದಿಂದ ಲಂಡನ್ನಿಗೆ. ಈ ಸರಪಳಿಯಲ್ಲಿ ಲೋಕಕ್ಕೆಲ್ಲ ಗೊತ್ತಾದವಳು ಮಾಯಾ, ಡೇಜಿಯ ಹೆಸರು ನಿನಗೆ ಇವತ್ತು ನಾನು ಹೇಳಬೇಕಾಯಿತು. ನನ್ನನ್ನು ಕೇಳಿದರೆ ಕೇಳಬೇಕಾದ ಪ್ರಶ್ನೆ ಇದು: ಯಾರಿಂದ ತಂದೆ, ಅವರಿಗೆ ಏನು ಕೊಟ್ಟೆ? ಯಾವ ಸ್ಕೂಲಲ್ಲಿ ಓದಿದೆ ಎಂಬುದು ಅಲ್ಲ.

ಅಂಗಡಿಯ ಅಕ್ಕನದು ಬೇರೆಯೇ ತಕರಾರು. 'ಗಲಾಂಗ್' ವೀಡಿಯೋದಲ್ಲಿ ಮಾಯಾ ಕುಣಿಯುವುದು ತಾನೇ ಬಿಡಿಸಿದ ಅಚ್ಚು ಚಿತ್ರಗಳ ಮುಂದೆ. ಟ್ಯಾಂಕು, ಬಾಂಬು, ಹುಲಿ. ಅಕ್ಕನ ಅಣ್ಣನ ಮಗನನ್ನು ಹುಲಿಗಳೇ ಮನೆಯಿಂದ ಎಳೆದುಕೊಂಡು ಹೋಗಿದ್ದರು. "ಹುಡುಗಿ ನಮ್ಮವಳೇ, ಆ ಹುಲಿ ಯಾಕೆ ಬೇಕಿತ್ತು?" ಎನ್ನುತ್ತಿದ್ದಳು. ನನಗೂ ಹುಲಿಯ ಗುರುತು ನೋಡಿದರೆ 1991ರ ಕೋಣನಕುಂಟೆ ನೆನಪಾಗುತ್ತಿತ್ತು, ರಾಜೀವ್ ಗಾಂಧಿ ಕೊಂದವರು ಬೆಂಗಳೂರಿನ ಮನೆಯೊಂದರಲ್ಲಿ ಹೆಣವಾಗಿ ಸಿಕ್ಕ ಸುದ್ದಿ. ಹಾಗಿದ್ದೂ ಅಕ್ಕ ಸಿಡಿಯನ್ನು ನಿಲ್ಲಿಸು ಎಂದು ಮಗನಿಗೆ ಒಂದು ದಿನವೂ ಹೇಳಲಿಲ್ಲ. ಆ ಯುದ್ಧವನ್ನು ಹೊತ್ತು ಬಂದವಳಿಗೆ ಮಾಯಾಳ ಮೇಲೆ ಸಿಟ್ಟಿತ್ತು, ಆದರೆ ನಕಲಿ ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ.

ಇನ್ನು ಡಿಪ್ಲೊ ಎಂಬ ಅಮೆರಿಕದ ಡಿಜೆ ಕತೆ. ಆಲ್ಬಂ ಬಹುಪಾಲು ಮುಗಿಯುತ್ತಿದ್ದಾಗ ಪರಿಚಯವಾದವನು. 2004ರಲ್ಲಿ ಇಬ್ಬರೂ ಸೇರಿ ಒಂದು ಮಿಕ್ಸ್‌ಟೇಪ್ ಮಾಡಿದರು. 'ಅರುಲರ್'ನಲ್ಲಿ ಅವನ ಕೈ ಇದ್ದದ್ದು ಮುಖ್ಯವಾಗಿ ಆ 'ಬಕಿ ಡನ್ ಗನ್' ಹಾಡಿನಲ್ಲಿ. ಆದರೂ ಅವಳ ಹಿಂದಿನ ತಲೆ ಇವನೇ ಎಂದು ಬರೆದದ್ದೇ ಬರೆದದ್ದು. 2007ರಲ್ಲಿ ಪಿಚ್‌ಫೋರ್ಕ್ ಎಂಬ ಸಂಗೀತದ ವೆಬ್‌ಸೈಟಿನವರ ಸಂದರ್ಶನದಲ್ಲಿ ಮಾಯಾ ಸಿಡಿದೆದ್ದಳು. ಆಮೇಲೆ ಬ್ಯೋರ್ಕ್ ಎಂಬ ಐಸ್‌ಲ್ಯಾಂಡಿನ ಗಾಯಕಿಯೂ ಅವಳ ಪರ ಮಾತಾಡಿದಳು, ತನ್ನ ಕೆಲಸವನ್ನೂ ಹೀಗೇ ಗಂಡಸರ ಹೆಸರಿಗೆ ಬರೆಯುತ್ತಾರೆ ಎಂದು. ನೋಡು, ಹುಡುಗಿ ಕಷ್ಟ ಹೇಳಿಕೊಂಡರೆ ಕಷ್ಟ ಮಾರಿಕೊಳ್ಳುತ್ತಾಳೆ, ಸುಖವಾಗಿದ್ದರೆ ಕಷ್ಟದ ಸುದ್ದಿ ಎತ್ತಬಾರದು, ಬೀಟು ಚೆನ್ನಾಗಿದ್ದರೆ ಅದು ಇನ್ಯಾವನೋ ಮಾಡಿಕೊಟ್ಟದ್ದು.

ನನ್ನನ್ನು ಪೂರ್ತಿ ಒಲಿಸಿಕೊಂಡದ್ದು ಎರಡನೇ ಆಲ್ಬಂ, 2007ರ 'ಕಲಾ'. ಈ ಸಲ ಅಮ್ಮನ ಹೆಸರು. ಅಮೆರಿಕದ ವೀಸಾ ಸಿಗದೆ ಹೋಗಿದ್ದರಿಂದ ಊರೂರು ಅಲೆದು ಮಾಡಿದಳು. ಚೆನ್ನೈ, ಟ್ರಿನಿಡಾಡ್, ಜಮೈಕಾ, ಆಸ್ಟ್ರೇಲಿಯಾ. 'ಬರ್ಡ್ ಫ್ಲೂ' ಹಾಡು ಹಾಕಿ ನೋಡು. ಅದರಲ್ಲಿರುವುದು ಉರುಮಿ, ನಮ್ಮ ಕಡೆ ಉರುಮೆ ಅನ್ನುತ್ತೇವಲ್ಲ, ಅದೇ. ಅಜ್ಜಿಯ ಊರಿನ ಜಾತ್ರೆಯಲ್ಲಿ ನೀನು ಕಿವಿ ಮುಚ್ಚಿಕೊಂಡು ಅತ್ತಿದ್ದೆಯಲ್ಲ! ಒಂದು ಕಡೆ ಕಡ್ಡಿಯಿಂದ ಬಾರಿಸುತ್ತಾ, ಇನ್ನೊಂದು ಕಡೆಯ ಚರ್ಮವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಆಗ ಹೊರಡುವ ಆ ಹೂಂಕಾರವನ್ನು ಯಾವ ಪೆಟ್ಟಿಗೆಯ ಗುಂಡಿ ಒತ್ತಿದರೂ ಬರಿಸಲಾಗುವುದಿಲ್ಲ. ಅದನ್ನು ಅವಳು ಹಿನ್ನೆಲೆಗೆ ಒಗ್ಗರಣೆ ಹಾಕಲಿಲ್ಲ, ಮುಂದೆ ನಿಲ್ಲಿಸಿ ತಾನು ಅದರ ಜೊತೆ ಗುದ್ದಾಡಿದಳು. ಅದೇ ಆಲ್ಬಂನಲ್ಲಿ ನಿಮ್ಮಪ್ಪನಿಗೆ ಪ್ರಾಣವಾದ 'ಡಿಸ್ಕೋ ಡ್ಯಾನ್ಸರ್' ಸಿನಿಮಾದ ಜಿಮ್ಮಿ ಹಾಡೂ ಇದೆ. ಚಿಕ್ಕಂದಿನಲ್ಲಿ ನೆಂಟರ ಮುಂದೆ ಅದಕ್ಕೆ ಕುಣಿಯುತ್ತಿದ್ದಳಂತೆ.

'ಪೇಪರ್ ಪ್ಲೇನ್ಸ್' ನಿನಗೇ ಗೊತ್ತು, ರೀಲ್ಸ್‌ನಲ್ಲಿ ಎಲ್ಲರೂ ಬಳಸುತ್ತಾರೆ. ವೀಸಾ ತಕರಾರಿನ ಸಿಟ್ಟಿಗೆ ಹುಟ್ಟಿದ ಹಾಡು ಅಮೆರಿಕದ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಹೋಯಿತು. 2009ರ ಫೆಬ್ರವರಿಯಲ್ಲಿ ತುಂಬು ಗರ್ಭಿಣಿ ಗ್ರ್ಯಾಮಿ ವೇದಿಕೆಯ ಮೇಲೆ ಹಾಡಿ, ಮೂರನೇ ದಿನಕ್ಕೆ ಹೆತ್ತಳು.

ನಿಮ್ಮ ಗುಂಪಿನವರು ಇವಳ ಕತೆ ತೆಗೆದರೆ ಹೇಳುವುದು 2010ರ ಆ ಫ್ರೆಂಚ್ ಫ್ರೈಸ್ ಪ್ರಸಂಗ. ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಯಲ್ಲಿ ದೊಡ್ಡ ಲೇಖನ ಬಂತು. ಶ್ರೀಮಂತರ ಮನೆಯವನ ಜೊತೆ ಲಾಸ್ ಏಂಜಲೀಸ್‌ನ ಸಿರಿವಂತ ಬಡಾವಣೆಯಲ್ಲಿ ವಾಸ, ಟ್ರಫಲ್ ಎಂಬ ದುಬಾರಿ ಅಣಬೆಯ ವಾಸನೆ ಹಾಕಿದ ಫ್ರೆಂಚ್ ಫ್ರೈಸ್ ತಿನ್ನುತ್ತಾ ತಾನು ಹೊರಗಿನವಳಾಗೇ ಇರಬೇಕು ಎಂಬ ಮಾತು. ಅಷ್ಟಕ್ಕೆ ಮುಖವಾಡ ಕಳಚಿತು ಎಂದು ಜನ ಚಪ್ಪಾಳೆ ತಟ್ಟಿದರು. ಮಾಯಾ ತಾನೂ ರೆಕಾರ್ಡ್ ಮಾಡಿಕೊಂಡಿದ್ದನ್ನು ಹೊರಗೆ ಬಿಟ್ಟಳು, ಫ್ರೈಸ್ ತರಿಸುವ ಮಾತೆತ್ತಿದ್ದು ಪತ್ರಕರ್ತೆಯೇ. ಸಿಟ್ಟಿನಲ್ಲಿ ಆ ಪತ್ರಕರ್ತೆಯ ಫೋನ್ ನಂಬರನ್ನೂ ಲೋಕಕ್ಕೆಲ್ಲ ಹಂಚಿದಳು. ಅದು ಕೆಟ್ಟ ಕೆಲಸ, ನನಗೆ ಇವತ್ತಿಗೂ ಹಿಡಿಸಿಲ್ಲ. ಆದರೆ ಒಂದು ಮಾತು. ಹಿಂದಿನ ವರ್ಷ ಶ್ರೀಲಂಕಾದಲ್ಲಿ ಜನ ಸಾಯುತ್ತಿದ್ದಾಗ ಅಮೆರಿಕದ ಟೀವಿಯಲ್ಲಿ ಕೂತು ಅದರ ಬಗ್ಗೆ ಮಾತಾಡಿದ ದೊಡ್ಡ ಗಾಯಕಿ ಇವಳೊಬ್ಬಳೇ ಇರಬೇಕು. ಜನರ ನೆನಪಿನಲ್ಲಿ ಉಳಿದದ್ದು ಫ್ರೆಂಚ್ ಫ್ರೈಸ್.

ಅವಳನ್ನು ದೇವರ ಮನೆಯಲ್ಲಿ ಕೂರಿಸು ಎನ್ನುತ್ತಿಲ್ಲ. ಕೋವಿಡ್ ಕಾಲದಲ್ಲಿ ಲಸಿಕೆಯ ಬಗ್ಗೆ ಆಡಿದ ಮಾತು ಕೇಳಿ ತಲೆ ಚಚ್ಚಿಕೊಂಡೆ. ಬ್ರಿಟಿಷ್ ಸರ್ಕಾರದ ಎಂಬಿಇ ಪದಕ ಒಪ್ಪಿಕೊಂಡಾಗಲೂ, ಸರ್ಕಾರಗಳನ್ನು ಬೈಯುತ್ತಿದ್ದವಳಿಗೆ ಇದು ಬೇಕಿತ್ತಾ ಎಂದು ಗೊಣಗಿದವರು ಬಹಳ. ಅವಳು ಕೊಟ್ಟ ಕಾರಣ ಮಾತ್ರ ನನಗೆ ಸಾಕಾಯಿತು: ಇಂಗ್ಲೆಂಡಿಗೆ ಬಂದ ಮೇಲೆ ಅವಳಮ್ಮ ಹೊಲಿಯುತ್ತಿದ್ದದ್ದು ರಾಣಿ ಕೊಡುವ ಇಂಥ ಪದಕಗಳನ್ನೇ. ಸಾವಿರಾರು ಪದಕ, ಕೈಹೊಲಿಗೆ.

ಈಗ ನಿಮ್ಮ ಹುಡುಗಿಯ ವಿಷಯ. ಅವಳ ಅಪ್ಪನ ಕಾರು ಯಾವುದೆಂದು ಪತ್ತೆ ಮಾಡುವ ಬದಲು ಹಾಡಿನ ಕೆಳಗೆ ಕೊಟ್ಟ ಹೆಸರುಗಳನ್ನು ಓದು. ಬೀಟ್ ಯಾರದ್ದು? ಎರಡನೇ ಚರಣದಲ್ಲಿ ತಮಟೆ ಬರುತ್ತದಲ್ಲ, ಅದು ಕಂಪ್ಯೂಟರಿನದಲ್ಲ, ಯಾರೋ ಕೂತು ಬಾರಿಸಿದ್ದು, ನನ್ನ ಕಿವಿಗೆ ಗೊತ್ತಾಗುತ್ತದೆ. ಬಾರಿಸಿದವರ ಹೆಸರು ಹಾಕಿದ್ದಾಳಾ? ನಾನು ಹುಡುಕಿದೆ, ಕಾಣಲಿಲ್ಲ, ನನ್ನ ಫೋನಿನಲ್ಲಿ ಅಕ್ಷರ ಸಣ್ಣದು. ಹಾಕಿಲ್ಲದಿದ್ದರೆ ಆಗ ನಾನೂ ನಿನ್ನ ಪಕ್ಷ. ಮುಂದಿನ ತಿಂಗಳು ಅವಳ ಕಾರ್ಯಕ್ರಮ ಇದೆ ಅಂದೆಯಲ್ಲ, ನನಗೂ ಒಂದು ಟಿಕೆಟ್ ತೆಗೆದಿಡು. ನಿಮ್ಮಪ್ಪ ಬರುವುದಿಲ್ಲವಂತೆ, ಕಿವಿ ನೋವಂತೆ. ಸಾರಿನ ಪುಡಿ ಆಗ ತರುತ್ತೇನೆ, ಹಳೇ ಡಬ್ಬ ತೊಳೆದಿಟ್ಟಿರು.

ನಿನ್ನ
ಅಮ್ಮ